ಆವತ್ತಿಂದ ಹೀಗೇ

‘ನನಗೆ ಟ್ರಾಮಾ ಆಗಿದೆ’, ಅಂದರೆ ಮನಸ್ಸಿಗೆ ಪೆಟ್ಟು ಬಿದ್ದಿದೆ ಎಂದು ಹೇಳಿಕೊಂಡು ಆಪ್ತಸಲಹೆಗೆ ನನ್ನ ಹತ್ತಿರ ಬರುವವರು ತೀರಾ ಕಡಿಮೆ. ಕಾರವಾರ, ಅಂಕೋಲಾ ಕಡೆಯವರು ಹೇಳುವುದೇ ಬೇರೆ. ‘ಎದೆ ಧಸಕ್ ಅಂತದೆ’, ‘ಕೈಕಾಲು ತಣ್ಣಗಾಗ್ತದೆ’, ‘ಜೀವ ಬಾಯಿಗೆ ಬಂದಂಗಾಗ್ತದೆ’. ಎದ್ದು ಹೋಗುವಾಗ, ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು: ‘ಆವತ್ತಿಂದ ಹೀಗೇ ಮೇಡಂ.’ ಆ ‘ಆವತ್ತು’ ದೋಣಿ ಮಗುಚಿದ ದಿನ ಇರಬಹುದು, ಗಂಡ ಮೊದಲ ಸಲ ಕೈ ಎತ್ತಿದ ಸಂಜೆ ಇರಬಹುದು. ಎಷ್ಟೋ ಸಲ ಅದು ಇಪ್ಪತ್ತು ವರ್ಷ ಹಿಂದಿನದು.

ನನಗೂ ಒಂದು ‘ಆವತ್ತು’ ಇದೆ. ಆಗ ನನಗೆ 19. ಧಾರವಾಡದಲ್ಲಿ ಓದುತ್ತಿದ್ದೆ. ರಜೆಗೆ ಊರಿಗೆ ಬರುವಾಗ ಅರಬೈಲ್ ಘಟ್ಟದಲ್ಲಿ ಬಸ್ಸಿನ ಬ್ರೇಕ್ ಹಿಡಿಯಲಿಲ್ಲ. ಮೋರಿಗೆ ಗುದ್ದಿದ ಬಸ್ಸು ಮುಂದಿನ ಒಂದು ಚಕ್ರ ಕಣಿವೆಯ ಮೇಲಿದ್ದಂತೆ ನಿಂತಿತು. ಯಾರೂ ಸಾಯಲಿಲ್ಲ. ನನ್ನ ಮೊಣಕೈ ತರಚಿತ್ತು, ಅಷ್ಟೇ. ‘ಏನೂ ಆಗಿಲ್ವಲ್ಲ, ದೇವರು ದೊಡ್ಡವನು’ ಎಂದರು ಮನೆಯಲ್ಲಿ. ಅಜ್ಜಿ ಹೆದರಿಕೆಗೆ ನೂಲು ಕಟ್ಟಿಸಿದಳು. ನಾನೂ ಏನೂ ಆಗಿಲ್ಲ ಅಂದುಕೊಂಡೆ. ಆದರೆ ಆಮೇಲೆ ರಾತ್ರಿ ಬಸ್ಸನ್ನಷ್ಟೇ ಹತ್ತುತ್ತಿದ್ದೆ, ಕಣಿವೆ ಕಾಣುವುದಿಲ್ಲ ಅಂತ. (ನಮಗೆ ಧಾರವಾಡಕ್ಕೆ ಘಟ್ಟ ಹತ್ತದ ದಾರಿಯೇ ಇಲ್ಲ. ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ಕೇಳುತ್ತಲೇ ನಾನು ದೊಡ್ಡವಳಾದದ್ದು.)

ಮುಂದೆ ಮನಃಶಾಸ್ತ್ರದ ಎಂ.ಎ. ತರಗತಿಯಲ್ಲಿ ಪಿಟಿಎಸ್‌ಡಿ (ಆಘಾತದ ಆಮೇಲೂ ಬಿಡದೆ ಕಾಡುವ ಮನಸ್ಸಿನ ಕಾಯಿಲೆ) ಪಾಠ ಬಂತು. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈ ಹೆಸರು ಸೇರಿದ್ದು 1980ರಲ್ಲಿ. ಬೇಡವೆಂದರೂ ನುಗ್ಗುವ ನೆನಪು, ಸದಾ ಬೆಚ್ಚಿಬೀಳುವ ಮೈ, ಆ ಜಾಗದಿಂದ ತಪ್ಪಿಸಿಕೊಂಡು ಓಡಾಡುವುದು ಎಂದು ಮೇಷ್ಟ್ರು ವಿವರಿಸುತ್ತಿದ್ದರು. ಶನಿವಾರದ ರಾತ್ರಿ ಬಸ್ಸಿನ ಟಿಕೆಟ್ ನನ್ನ ಬ್ಯಾಗಿನಲ್ಲೇ ಇತ್ತು. ನಾನು ಈ ಕೆಲಸಕ್ಕೆ ಬಂದದ್ದು ಅಲ್ಲಿಂದ.

ಮೆದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗವಿದೆ. ಅಪಾಯದ ಗಂಟೆ ಹೊಡೆಯುವುದು ಅದರ ಕೆಲಸ. ಬ್ರೇಕ್ ಲೈನರ್ ಸುಟ್ಟ ವಾಸನೆ ಬಂದರೆ ಸಾಕು, ‘ಇದು ಬೇರೆ ಬಸ್ಸು’ ಎಂದು ನಾನು ಯೋಚಿಸುವ ಮೊದಲೇ ಗಂಟೆ ಹೊಡೆದಾಗಿರುತ್ತದೆ. ‘ಮರೆತುಬಿಡು’ ಎಂದು ಎಷ್ಟು ಹೇಳಿದರೂ ಮೈ ಕೇಳದಿರುವುದು ಇದಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ವರ್ಷ ತಪ್ಪು ಮಾಡಿದೆ. ಒಬ್ಬ ಹೆಂಗಸನ್ನು ಮೊದಲ ದಿನವೇ ಕೂರಿಸಿ, ನಡೆದದ್ದನ್ನೆಲ್ಲ ಬಿಡದೆ ಹೇಳಿಸಿದೆ. ಹೊರಗೆ ಹಾಕಿದರೆ ಹಗುರಾಗುತ್ತದೆ ಅನ್ನೋ ನಂಬಿಕೆ. ಆಕೆ ನಡುಗುತ್ತ ಎದ್ದು ಹೋದರು, ಮತ್ತೆ ಬರಲಿಲ್ಲ. ಅನಾಹುತ ನಡೆದ ಕೂಡಲೇ ಒತ್ತಾಯದಿಂದ ಕತೆ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಎನ್ನುತ್ತದೆ. ಊಟ, ಬೆಚ್ಚನೆಯ ಜಾಗ, ತನ್ನವರು ಎಲ್ಲಿದ್ದಾರೆ ಎಂಬ ಸುದ್ದಿ, ಮೊದಲು ಬೇಕಾದ್ದು ಇವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ, ಗಂಗಾವಳಿ ನದಿಗೆ ಕುಸಿದಾಗ ಟಿವಿ ಮುಂದೆ ಕುಳಿತು ನನಗೆ ಸಿಟ್ಟು ಬರುತ್ತಿದ್ದದ್ದು ಇದಕ್ಕೇ. ಕಾಯುತ್ತಿದ್ದವರ ಮುಖಕ್ಕೆ ಮೈಕ್ ಹಿಡಿದು ‘ಹೇಗನಿಸ್ತಿದೆ’ ಎಂದು ಕೇಳುವುದಾ?

ಹೆಚ್ಚಿನವರು ಮನೆಯವರ ಜೊತೆ, ಕೆಲಸದ ಜೊತೆ ತಾವಾಗಿಯೇ ಸುಧಾರಿಸುತ್ತಾರೆ. ತಿಂಗಳು ದಾಟಿದರೂ ನಿದ್ದೆ ಬರದಿದ್ದರೆ, ಬದುಕು ನಿಂತುಹೋಗಿದ್ದರೆ ನಮ್ಮಂಥವರು ಬೇಕು. ಊರಲ್ಲಿ ಯಾರೂ ಇಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಗುಡ್ಡದ ಬುಡದ ಊರೊಂದರಿಂದ ಒಬ್ಬರು ಬರುತ್ತಿದ್ದರು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮನೆ ಹಿಂದಿನ ಧರೆ ಜರಿದು ಅವರ ಕೊಟ್ಟಿಗೆ ಹೋಗಿತ್ತು, ಒಳಗಿದ್ದ ಎಮ್ಮೆಯೂ. ಮಳೆ ಜೋರಾದರೆ ಅವರು ಮಲಗುತ್ತಿರಲಿಲ್ಲ. ಹಿಂದಿನ ಬಾಗಿಲಿಗೆ ಅಕ್ಕಿ ಡಬ್ಬ ಒತ್ತಿಟ್ಟು, ಗೋಡೆಗೆ ಒರಗಿ ಬೆಳಗು ಮಾಡುತ್ತಿದ್ದರು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಕರಾವಳಿಯಲ್ಲಿ ಮಳೆಯಿಂದ ಎಲ್ಲಿಗೆ ಓಡುವುದು?

ಎರಡು ತಿಂಗಳು ಆ ರಾತ್ರಿಯ ವಿಷಯ ಎತ್ತಲೇ ಇಲ್ಲ. ಬರೀ ಮೈಗೆ ಪಾಠ. ಅಂಗಾಲು ಕೆಂಪು ನೆಲಕ್ಕೆ ಒತ್ತುವುದು, ಉಸಿರು ನಿಧಾನ ಬಿಡುವುದು, ಪುನರ್ಪುಳಿ ಸಿಪ್ಪೆ ನಾಲಿಗೆಗಿಟ್ಟು ಆ ಹುಳಿಯನ್ನೇ ಗಮನಿಸುವುದು. ಮೈ ಸ್ವಲ್ಪ ನಂಬಿದ ಮೇಲೆ ಮೊಬೈಲಿನಲ್ಲಿ ಮಳೆಯ ಸದ್ದು ಹಾಕಿದೆ, ತೀರಾ ಸಣ್ಣಗೆ. ಮೊದಲ ದಿನ ಹತ್ತು ಸೆಕೆಂಡಿಗೇ ‘ಸಾಕು’ ಎಂದರು. ನಿಲ್ಲಿಸಿದೆ. ನಿಲ್ಲಿಸು ಅಂದರೆ ಮಳೆ ನಿಲ್ಲುತ್ತದೆ ಎಂಬುದು ಅವರಿಗೆ ಹೊಸತು. ನಕ್ಕುಬಿಟ್ಟರು. ವಾರಗಳು ಕಳೆದಂತೆ ಸದ್ದು ಏರಿತು, ಕತೆಯೂ ತಾನಾಗಿ ಬಂತು, ತುಂಡು ತುಂಡಾಗಿ. ಕೊನೆಗೆ ಹೇಳಿದ್ದು ಎಮ್ಮೆಯ ಹೆಸರು. ಅದನ್ನು ಹೇಳಿದ ದಿನವೇ ಅವರು ಮೊದಲ ಸಲ ಅತ್ತದ್ದು.

ನಾನು ಈಗ ಹಗಲು ಬಸ್ಸಿನಲ್ಲೇ ಘಟ್ಟ ಹತ್ತುತ್ತೇನೆ. ಆದರೂ ಆ ತಿರುವಿನಲ್ಲಿ ಕೈ ಮುಂದಿನ ಸೀಟಿನ ಕಂಬಿ ಹಿಡಿದೇ ಹಿಡಿಯುತ್ತದೆ. ಹಿಡಿಯಲಿ ಅಂತ ಬಿಟ್ಟಿದ್ದೇನೆ.

ಈ ಸಲದ ಪುನರ್ವಸು ಮಳೆಯಲ್ಲಿ ಅವರ ಫೋನ್ ಬಂತು. ಆ ಕಡೆಯಿಂದ ಸದ್ದೇ ಸದ್ದು, ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ‘ಎಲ್ಲಿದ್ದೀರಿ?’ ಎಂದೆ. ‘ಹಿಂದಿನ ಬಾಗಿಲಲ್ಲಿ,’ ಎಂದರು. ‘ಡಬ್ಬದ ಅಕ್ಕಿ ಮುಗ್ದದೆ, ತೊಳ್ದು ಮಳೆನೀರಿಗೆ ಇಟ್ಟಿದ್ದೆ.’