ಸರದಿಯಲ್ಲಿ ನಿಂತ ಕ್ಲಿಕ್ಕುಗಳು

ಒಂದು ಸಣ್ಣ ಪ್ರಯೋಗ ಮಾಡಿ. ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್ ಕಲಿಯಲೆಂದು ನೀವೇ ಕಟ್ಟಿಕೊಂಡ ಪುಟದಲ್ಲಿ ಒಂದು ಗುಂಡಿ ಇಟ್ಟು, ಅದನ್ನು ಒತ್ತಿದರೆ ಐದು ಸೆಕೆಂಡು ಸುಮ್ಮನೆ ಸುತ್ತುವ ಲೂಪ್ ಓಡುವಂತೆ ಬರೆಯಿರಿ. ಗುಂಡಿ ಒತ್ತಿದಿರೋ, ಪುಟ ಕಲ್ಲಾಗುತ್ತದೆ. ಪಕ್ಕದ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಅಕ್ಷರ ಮೂಡುವುದಿಲ್ಲ, ಬೇರೆ ಗುಂಡಿಗಳು ಮಿಸುಕುವುದಿಲ್ಲ. ಸ್ಕ್ರೋಲ್ ಮಾತ್ರ ಎಷ್ಟೋ ಸಲ ನಡೆಯುತ್ತದೆ. ಅದನ್ನು ಬ್ರೌಸರ್ ಬೇರೆ ಕಡೆ ನೋಡಿಕೊಳ್ಳುತ್ತದೆ. ಐದು ಸೆಕೆಂಡು ಮುಗಿದದ್ದೇ ತಡ, ನೀವು ಆಗ ಒತ್ತಿದ್ದ ಕ್ಲಿಕ್ಕುಗಳು, ಅಕ್ಷರಗಳು ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಅವು ಎಲ್ಲೂ ಕಳೆದುಹೋಗಿರಲಿಲ್ಲ, ಸರದಿಯಲ್ಲಿ ನಿಂತಿದ್ದವು.

ಪುಟದ ಜಾವಾಸ್ಕ್ರಿಪ್ಟ್‌ಗೆ ಇರುವುದು ಒಂದೇ ಕೈ. ಒಂದು ಕೆಲಸ ಹಿಡಿದರೆ ಅದು ಮುಗಿಯುವ ತನಕ ಇನ್ನೊಂದನ್ನು ಮುಟ್ಟುವುದಿಲ್ಲ. ಪರದೆಯ ಮೇಲೆ ಪುಟವನ್ನು ಹೊಸದಾಗಿ ಬಿಡಿಸುವುದಕ್ಕೂ ಸಾಮಾನ್ಯವಾಗಿ ಅದೇ ಕೈ ಬಿಡುವಾಗಬೇಕು. ಸರದಿಯಿಂದ ಒಂದೊಂದೇ ಕೆಲಸ ಎತ್ತಿಕೊಂಡು ಮುಗಿಸುತ್ತ ಹೋಗುವ ಈ ಚಕ್ರಕ್ಕೆ ಇವೆಂಟ್ ಲೂಪ್ ಎನ್ನುತ್ತಾರೆ. ಹತ್ತಾರು ಕೈಗಳನ್ನೇ ಕೊಟ್ಟುಬಿಡಬಹುದಿತ್ತಲ್ಲ ಎನ್ನಿಸುವುದು ಸಹಜ. ಆದರೆ ಪುಟವೆಂದರೆ ಒಂದು ಮರ: ಶೀರ್ಷಿಕೆ, ಪ್ಯಾರಾ, ಗುಂಡಿ ಎಲ್ಲವೂ ಅದರ ಕೊಂಬೆಗಳು. ಒಂದು ಕೈ ಬಣ್ಣ ಬಳಿಯುತ್ತಿರುವ ಕೊಂಬೆಯನ್ನೇ ಇನ್ನೊಂದು ಕೈ ಕಡಿದರೆ ಏನು ಗತಿ? ‘ವೆಬ್ ವರ್ಕರ್’ ಎಂಬ ಹೆಚ್ಚುವರಿ ಕೈಗಳು ಈಗ ಸಿಗುತ್ತವೆ, ನಿಜ. ಆದರೆ ಅವು ಹಿಂದೆ ಕೂತು ಲೆಕ್ಕ ಮಾಡಿಕೊಡಬೇಕೇ ಹೊರತು ಮರವನ್ನು ಮುಟ್ಟುವಂತಿಲ್ಲ.

ಈ ಭಾಷೆ ಹುಟ್ಟಿದ್ದೇ ಅವಸರದಲ್ಲಿ. 1995ರ ಮೇ ತಿಂಗಳಲ್ಲಿ, ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಇದರ ಮೊದಲ ರೂಪವನ್ನು ಹತ್ತೇ ದಿನದಲ್ಲಿ ಬರೆದರು. ಹೆಸರು ಮೊದಲು ಮೋಕಾ, ಆಮೇಲೆ ಲೈವ್‌ಸ್ಕ್ರಿಪ್ಟ್. ಜಾವಾ ಭಾಷೆಯ ಹೆಸರು ಜೋರಾಗಿ ಓಡುತ್ತಿದ್ದುದರಿಂದ ಡಿಸೆಂಬರ್ ಹೊತ್ತಿಗೆ ಜಾವಾಸ್ಕ್ರಿಪ್ಟ್. ಬರವಣಿಗೆಯ ಧಾಟಿಯಲ್ಲಿ ಒಂದಿಷ್ಟು ಹೋಲಿಕೆ ಬಿಟ್ಟರೆ ಎರಡೂ ಬೇರೆಯೇ ಭಾಷೆಗಳು. ಆ ಅವಸರದ ಕಲೆಗಳು ಇನ್ನೂ ಉಳಿದಿವೆ. ‘ಏನೂ ಇಲ್ಲ’ ಎಂದು ಸೂಚಿಸುವ ‘ನಲ್’ ಯಾವ ಜಾತಿಯ ಮೌಲ್ಯ ಎಂದು ಕೇಳಿದರೆ ಜಾವಾಸ್ಕ್ರಿಪ್ಟ್ ಇವತ್ತಿಗೂ ‘ಆಬ್ಜೆಕ್ಟ್’ (ವಸ್ತು) ಎನ್ನುತ್ತದೆ. ತಪ್ಪೆಂದು ಎಲ್ಲರಿಗೂ ಗೊತ್ತು. ತಿದ್ದಿದರೆ ಅದನ್ನೇ ನೆಚ್ಚಿಕೊಂಡ ಹಳೆಯ ಪುಟಗಳು ಕೆಡುತ್ತವೆಂದು ಹಾಗೇ ಬಿಟ್ಟಿದ್ದಾರೆ.

ಮೊದಲ ಕೆಲವು ವರ್ಷ ಇದು ಮಾಡುತ್ತಿದ್ದುದು ಚಿಲ್ಲರೆ ಕೆಲಸ: ಫಾರ್ಮ್‌ನಲ್ಲಿ ಖಾಲಿ ಬಿಟ್ಟ ಜಾಗ ತೋರಿಸುವುದು, ಮೌಸ್ ತಂದರೆ ಚಿತ್ರ ಬದಲಿಸುವುದು. ಹೊಸ ಮಾಹಿತಿ ಬೇಕೆಂದರೆ ಇಡೀ ಪುಟವೇ ಮತ್ತೆ ತೆರೆದುಕೊಳ್ಳಬೇಕಿತ್ತು. ಪುಟ ಇದ್ದಲ್ಲೇ ಇರಲಿ, ಹಿಂಬಾಗಿಲಿನಿಂದ ಸರ್ವರ್ (ಮಾಹಿತಿ ಕೊಡುವ ದೂರದ ಕಂಪ್ಯೂಟರ್) ಜೊತೆ ಮಾತಾಡೋಣ ಎಂಬ ಸೌಲಭ್ಯವನ್ನು 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಬ್ರೌಸರ್ ಆದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ತಂದಿತು. ಅದರ ನಿಜವಾದ ಶಕ್ತಿ ಜನರಿಗೆ ಕಂಡದ್ದು 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ. ನಕಾಶೆಯನ್ನು ಹಿಡಿದು ಎಳೆದರೆ ಅದು ಜೊತೆಗೇ ಸರಿದು ಬರುತ್ತಿತ್ತು!

ಈಗ ಹುಡುಕು ಪೆಟ್ಟಿಗೆಗೆ ಬರೋಣ. ಟೈಪ್ ಮಾಡುತ್ತಿದ್ದಂತೆ ಕೆಳಗೆ ಸಲಹೆಗಳು ಇಳಿದು ಬರುತ್ತವಲ್ಲ, ಅದನ್ನೇ. ನನ್ನ ಮಟ್ಟಿಗೆ ಜಾವಾಸ್ಕ್ರಿಪ್ಟ್ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ, ಏಕೆಂದರೆ ಇದು ನೋಡಲು ಸುಲಭ, ಸರಿಯಾಗಿ ಮಾಡಲು ಕಷ್ಟ.

ಒಂದೊಂದು ಅಕ್ಷರ ಬಿದ್ದಾಗಲೂ ಬ್ರೌಸರ್ ಒಂದು ಇವೆಂಟ್, ಅಂದರೆ ‘ಹೀಗಾಯಿತು’ ಎಂಬ ಸುದ್ದಿ, ಹೊರಡಿಸುತ್ತದೆ. ಅದಕ್ಕೆ ಕಿವಿಗೊಟ್ಟ ಫಂಕ್ಷನ್ (ಕೋಡಿನ ಒಂದು ತುಂಡು) ಪ್ರತಿ ಸಲವೂ ಸರ್ವರ್‌ಗೆ ಓಡಿದರೆ, ಹತ್ತು ಅಕ್ಷರದ ಪದಕ್ಕೆ ಹತ್ತು ಓಟ, ಅದರಲ್ಲಿ ಒಂಬತ್ತು ದಂಡ. ಹಾಗಾಗಿ ಅಕ್ಷರ ಬಿದ್ದೊಡನೆ ಹೊರಡದೆ ಸುಮಾರು 300 ಮಿಲಿಸೆಕೆಂಡಿನ ಗಡಿಯಾರ ಇಡುತ್ತೇವೆ. ಅಷ್ಟರಲ್ಲಿ ಇನ್ನೊಂದು ಅಕ್ಷರ ಬಿದ್ದರೆ ಹಳೆಯ ಗಡಿಯಾರ ರದ್ದು, ಹೊಸದು ಶುರು. ಬೆರಳು ನಿಂತ ಮೇಲೆ ಒಂದೇ ಓಟ. ಇದಕ್ಕೆ ಡಿಬೌನ್ಸ್ ಎಂದು ಹೆಸರು. ಪದ ಬಂದದ್ದು ವಿದ್ಯುತ್ ಸ್ವಿಚ್ಚುಗಳ ಲೋಕದಿಂದ: ಒಮ್ಮೆ ಒತ್ತಿದರೂ ಒಳಗಿನ ಲೋಹದ ತುಂಡುಗಳು ಕೆಲವು ಮಿಲಿಸೆಕೆಂಡು ಪುಟಿಯುತ್ತವೆ, ಹಲವು ಸಲ ಒತ್ತಿದಂತೆ ಕಾಣುತ್ತದೆ. ಆ ಪುಟಿತ ತಣಿಯುವ ತನಕ ಕಾಯುವುದೇ ಡಿಬೌನ್ಸ್.

ಇನ್ನೊಂದು ಪೆಟ್ಟನ್ನು ನಾನೇ ತಿಂದಿದ್ದೇನೆ. ‘ಮರ’ ಎಂದು ಹುಡುಕಿ, ಹಾಗೇ ಮುಂದುವರಿಸಿ ‘ಮರಳು’ ಎಂದು ಬರೆದರೆ ಪೆಟ್ಟಿಗೆಯಲ್ಲಿ ಮರಳು, ಕೆಳಗೆ ಮರದ ಸಲಹೆಗಳು. ನನ್ನ ಯಂತ್ರದಲ್ಲಿ ಒಮ್ಮೆಯೂ ಹೀಗಾಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಮೊದಲು ಹೋದ ಪ್ರಶ್ನೆಯ ಉತ್ತರವೇ ಮೊದಲು ಬರಬೇಕೆಂಬ ನಿಯಮ ಇಲ್ಲ. ನಿಧಾನದ ನೆಟ್‌ವರ್ಕ್‌ನಲ್ಲಿ ‘ಮರ’ದ ಉತ್ತರ ದಾರಿಯಲ್ಲಿ ತಡವಾಗಿ, ‘ಮರಳು’ವಿನ ಉತ್ತರ ಬಂದು ಕೂತ ಮೇಲೆ ತಾನು ಬಂದು ಅದನ್ನು ಅಳಿಸಿಬಿಡುತ್ತಿತ್ತು. ಪ್ರತಿ ಓಟಕ್ಕೂ ಒಂದು ಸಂಖ್ಯೆ ಕೊಟ್ಟು, ಕೊನೆಯ ಸಂಖ್ಯೆಯದಲ್ಲದ ಉತ್ತರವನ್ನು ಎಸೆದೆ. ಅಷ್ಟೇ ಪರಿಹಾರ, ಮೂರು ಸಾಲು. ಆ ಎರಡು ದಿನದ ಬಗ್ಗೆ ಈಗಲೂ ನಾಚಿಕೆ ಇದೆ.

ಕನ್ನಡ ಬಂದರೆ ಮತ್ತೊಂದು ತೊಡಕು. ಮೂರು ಅಕ್ಷರವಾದರೂ ಆಗದೆ ಹುಡುಕಬೇಡ ಎಂದು ಕೆಲವರು ನಿಯಮ ಹಾಕುತ್ತಾರೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟ್ ಅದರ ಉದ್ದ ಆರು ಎನ್ನುತ್ತದೆ, ಏಕೆಂದರೆ ಅದು ಸ, ತ, ರ, ನಡುವಿನ ಎರಡು ಹಲಂತ ಚಿಹ್ನೆ (್), ಕೊನೆಯ ಈಕಾರ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಲಿಪ್ಯಂತರದ ಕೀಲಿಮಣೆಯಾದರೆ ಪದ ಇನ್ನೂ ಅರೆಬೆಂದಿರುವಾಗಲೇ ಇವೆಂಟುಗಳು ಸಾಲಾಗಿ ಬರತೊಡಗುತ್ತವೆ. ಇದಕ್ಕೆಂದೇ ಬ್ರೌಸರ್ ‘ಪದ ಕಟ್ಟುವುದು ಶುರುವಾಯಿತು’, ‘ಮುಗಿಯಿತು’ ಎಂದು ಎರಡು ಬೇರೆ ಇವೆಂಟುಗಳನ್ನೂ ಕೊಡುತ್ತದೆ. ಲ್ಯಾಟಿನ್ ಅಕ್ಷರಗಳಲ್ಲಷ್ಟೇ ಪರೀಕ್ಷೆ ಮಾಡುವವರಿಗೆ ಅವುಗಳ ನೆನಪೇ ಬರುವುದಿಲ್ಲ.