ಮುಚ್ಚಿದ ಗೇಟಿನೊಳಗೆ ಹುಟ್ಟಿದ ತಂಡ

ಒಂದು ವಾರ ತವರಿನಲ್ಲಿ ಪಂದ್ಯ, ಮುಂದಿನ ವಾರ ಬಸ್ಸು ಹತ್ತಿ ಎದುರಾಳಿಯ ಊರಿಗೆ ಪ್ರಯಾಣ. ಜಗತ್ತಿನ ಬಹುತೇಕ ಫುಟ್‌ಬಾಲ್ ಲೀಗ್‌ಗಳು ನಡೆಯುವುದು ಹೀಗೆ. ಜಿಬ್ರಾಲ್ಟರ್‌ನಲ್ಲಿ ಮಾತ್ರ ಈ ಲೆಕ್ಕಕ್ಕೆ ಅರ್ಥವೇ ಇರಲಿಲ್ಲ. ದಶಕಗಳ ಕಾಲ ಅಲ್ಲಿನ ಲೀಗ್‌ನ ಅಷ್ಟೂ ತಂಡಗಳು ಆಡಿದ್ದು ವಿಕ್ಟೋರಿಯಾ ಸ್ಟೇಡಿಯಂ ಎಂಬ ಒಂದೇ ಮೈದಾನದಲ್ಲಿ. ಇಂದು ಆತಿಥೇಯರಾದವರು ಮುಂದಿನ ವಾರ ಅದೇ ಕೃತಕ ಹುಲ್ಲಿನ ಮೇಲೆ ಅತಿಥಿಗಳು. ಮೈದಾನದ ಒಂದು ಮಗ್ಗುಲಿಗೆ ವಿಮಾನ ನಿಲ್ದಾಣದ ರನ್‌ವೇ, ಇನ್ನೊಂದು ಮಗ್ಗುಲಿಗೆ 426 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆ. ಬೇರೆ ಮೈದಾನ ಕಟ್ಟೋಣವೆಂದರೆ ಜಾಗವೆಲ್ಲಿದೆ? ಇಡೀ ಪ್ರದೇಶವೇ 6.8 ಚದರ ಕಿಲೋಮೀಟರ್. ಬೆಂಗಳೂರಿನ ಲಾಲ್‌ಬಾಗ್‌ನಂತಹ ಏಳು ತೋಟಗಳನ್ನು ಒತ್ತೊತ್ತಾಗಿ ಇಟ್ಟರೆ ಆಗುವಷ್ಟು. ಜನಸಂಖ್ಯೆ ಸುಮಾರು 34 ಸಾವಿರ.

ಇಷ್ಟು ಚಿಕ್ಕ ಜಾಗದ ಲಿಂಕನ್ ರೆಡ್ ಇಂಪ್ಸ್ ಎಂಬ ಕ್ಲಬ್ಬಿನ ಹೆಸರು 2016ರ ಜುಲೈನಲ್ಲಿ ಒಂದು ರಾತ್ರಿ ಯುರೋಪಿನಾದ್ಯಂತ ಕೇಳಿಬಂತು. ಆ ರಾತ್ರಿಯ ಕಥೆಯನ್ನು ದಾವೀದ ಗೊಲಿಯಾತರ ಕಥೆಯಂತೆ ಹೇಳಿ ಮುಗಿಸುವುದು ಸುಲಭ. ನನಗೆ ಅದಕ್ಕಿಂತ ಕುತೂಹಲವೆನಿಸುವುದು ಬೇರೆ: ಆ ತಂಡವನ್ನು ಆ ಮೈದಾನಕ್ಕೆ ಇಳಿಸುವುದಕ್ಕಾಗಿ ನ್ಯಾಯಮಂಡಳಿಗಳಲ್ಲಿ, ಮತದಾನದ ಸಭಾಂಗಣಗಳಲ್ಲಿ ಕಳೆದುಹೋದ ವರ್ಷಗಳು.

ಜಿಬ್ರಾಲ್ಟರ್ ಐಬೀರಿಯಾ ಪರ್ಯಾಯದ್ವೀಪದ ದಕ್ಷಿಣದ ತುದಿಯ ಬಳಿ ಇರುವ ಬ್ರಿಟಿಷ್ ಪ್ರದೇಶ. 1713ರ ಉಟ್ರೆಕ್ಟ್ ಒಪ್ಪಂದದಲ್ಲಿ ಸ್ಪೇನ್ ಅದನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು, ಬಿಟ್ಟುಕೊಟ್ಟ ದಿನದಿಂದಲೂ ಮರಳಿ ಕೇಳುತ್ತಲೇ ಇದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಒಪ್ಪಂದದಲ್ಲಿ ಕೊಟ್ಟದ್ದು ಊರು, ಕೋಟೆ ಮತ್ತು ಬಂದರನ್ನು ಮಾತ್ರ, ಬಂಡೆಯನ್ನು ಮುಖ್ಯ ನೆಲಕ್ಕೆ ಸೇರಿಸುವ ಮರಳಿನ ಪಟ್ಟಿಯನ್ನು ಕೊಟ್ಟೇ ಇಲ್ಲ ಎನ್ನುವುದು ಸ್ಪೇನಿನ ವಾದ. ವಿಮಾನ ನಿಲ್ದಾಣ ಇರುವುದು ಆ ಪಟ್ಟಿಯ ಮೇಲೆ. ವಿಕ್ಟೋರಿಯಾ ಸ್ಟೇಡಿಯಂ ಇರುವುದೂ ಅಲ್ಲಿಯೇ. ಎಂದರೆ ಮ್ಯಾಡ್ರಿಡ್‌ನ ಲೆಕ್ಕದಲ್ಲಿ ಈ ಕ್ಲಬ್ಬು ಕಾರ್ನರ್ ಕಿಕ್ ಹೊಡೆಯುತ್ತಿದ್ದದ್ದೇ ಒತ್ತುವರಿ ಜಮೀನಿನಲ್ಲಿ.

1967ರಲ್ಲಿ ಜಿಬ್ರಾಲ್ಟರ್‌ನವರ ಮುಂದೆ ಪ್ರಶ್ನೆ ಇಡಲಾಯಿತು: ಬ್ರಿಟನ್ನಿನ ಜೊತೆಗೋ, ಸ್ಪೇನಿನ ಜೊತೆಗೋ? ಬ್ರಿಟನ್ನಿಗೆ 12,138 ಮತ, ಸ್ಪೇನಿಗೆ 44. ಎರಡು ವರ್ಷಗಳ ಬಳಿಕ, 1969ರಲ್ಲಿ, ಸರ್ವಾಧಿಕಾರಿ ಫ್ರಾಂಕೊ ಗಡಿಯ ಗೇಟು ಮುಚ್ಚಿಸಿದ. ದೂರವಾಣಿ ಸಂಪರ್ಕವೂ ಕಡಿಯಿತು. ಗೇಟಿನ ಆಚೆಗೆ ಲಾ ಲಿನಿಯಾ ಪಟ್ಟಣ. ಅಲ್ಲಿ ಅಜ್ಜಿ, ಇಲ್ಲಿ ಮೊಮ್ಮಕ್ಕಳು ಎಂಬಂತಹ ಕುಟುಂಬಗಳು ಕಬ್ಬಿಣದ ಸರಳುಗಳ ಎರಡೂ ಕಡೆ ನಿಂತು ಕೂಗಿ ಮಾತನಾಡಿಕೊಂಡವು. ಕಾಲ್ನಡಿಗೆಯವರಿಗೆ ಗೇಟು ತೆರೆದದ್ದು 1982ರಲ್ಲಿ, ಪೂರ್ತಿಯಾಗಿ ತೆರೆದದ್ದು 1985ರಲ್ಲಿ.

ಲಿಂಕನ್ ರೆಡ್ ಇಂಪ್ಸ್ ಹುಟ್ಟಿದ್ದು ಈ ಹದಿನಾರು ವರ್ಷಗಳ ನಡುವೆ, 1976ರಲ್ಲಿ. ಬ್ಲೂ ಬ್ಯಾಟ್‌ಮನ್ ಎಂಬ ಹುಡುಗರ ಕ್ಲಬ್ಬಿನಲ್ಲಿ, ಪೊಲೀಸರ ಕಿರಿಯರ ತಂಡದಲ್ಲಿ ಆಡುತ್ತಿದ್ದ ಹುಡುಗರನ್ನು ಕೂಡಿಸಿ ಕಟ್ಟಿದ ತಂಡ ಅದು. ಹೆಸರು ಬಂದದ್ದು ಇಂಗ್ಲೆಂಡಿನ ಲಿಂಕನ್ ಸಿಟಿ ಕ್ಲಬ್ಬಿನಿಂದ. ಲಿಂಕನ್ ನಗರದ ಕೆಥೆಡ್ರಲ್‌ನೊಳಗೆ ಕಲ್ಲಿನಲ್ಲಿ ಕೆತ್ತಿದ ತುಂಟ ಪಿಶಾಚಿಯೊಂದಿದೆ, ಅದೇ ‘ಇಂಪ್’. ಇಂಗ್ಲೆಂಡಿನ ಹೆಸರನ್ನು ಎರವಲು ತಂದವರು ಇವರೊಬ್ಬರೇ ಅಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಹೆಸರಿನಲ್ಲಿ 1962ರಲ್ಲಿ ಶುರುವಾದ ಕ್ಲಬ್ಬು ಈಗ ಮ್ಯಾಂಚೆಸ್ಟರ್ 62 ಆಗಿ ಅದೇ ಲೀಗ್‌ನಲ್ಲಿ ಆಡುತ್ತದೆ. ಪಕ್ಕದ ಮನೆಯ ಬಾಗಿಲು ಮುಚ್ಚಿದ್ದಾಗ ಸಾವಿರಾರು ಕಿಲೋಮೀಟರ್ ದೂರದ ಮನೆಯ ಹೆಸರು ಇಟ್ಟುಕೊಳ್ಳುವುದು ಸಹಜವೇ ಇರಬೇಕು.

1980ರ ದಶಕದಲ್ಲಿ ಕ್ಲಬ್ಬಿಗೆ ಮೊದಲ ಲೀಗ್ ಪ್ರಶಸ್ತಿ ಬಂತು. 2003ರಿಂದ 2016ರವರೆಗೆ ಸತತ ಹದಿನಾಲ್ಕು ಬಾರಿ ಅದೇ ಚಾಂಪಿಯನ್. ಬೇರೆ ದೇಶದಲ್ಲಾಗಿದ್ದರೆ ಚಾಂಪಿಯನ್ ಆದವರು ಮರುವರ್ಷ ಯುರೋಪಿನ ಟೂರ್ನಿಗೆ ಹೋಗುತ್ತಾರೆ. ಇವರಿಗೆ ಸಿಕ್ಕಿದ್ದು ಅದೇ ಮೈದಾನ, ಅದೇ ಎದುರಾಳಿಗಳು. ಜಿಬ್ರಾಲ್ಟರ್ ಫುಟ್‌ಬಾಲ್ ಸಂಸ್ಥೆ ಸ್ಥಾಪನೆಯಾದದ್ದು 1895ರಲ್ಲಿ. ಯುರೋಪಿನ ಎಷ್ಟೋ ದೇಶಗಳ ಸಂಸ್ಥೆಗಳಿಗಿಂತ ಹಳೆಯದು. ಆದರೂ ಅದು ಯುರೋಪಿನ ಒಕ್ಕೂಟವಾದ ಯುಇಎಫ್‌ಎಯ ಸದಸ್ಯನಾಗಿರಲಿಲ್ಲ.

1997ರಲ್ಲಿ ಅದು ಅರ್ಜಿ ಹಾಕಿತು. ಅರ್ಜಿ ಮೇಜಿನ ಮೇಲಿರುವಾಗಲೇ ಯುಇಎಫ್‌ಎ ನಿಯಮ ಬದಲಿಸಿತು: ವಿಶ್ವಸಂಸ್ಥೆ ಮಾನ್ಯ ಮಾಡಿದ ಸ್ವತಂತ್ರ ದೇಶಗಳಿಗೆ ಮಾತ್ರ ಸದಸ್ಯತ್ವ. ಆ ಹೊತ್ತಿಗೆ ಡೆನ್ಮಾರ್ಕಿಗೆ ಸೇರಿದ ಫೆರೋ ದ್ವೀಪಗಳು ಸದಸ್ಯನಾಗಿ ವರ್ಷಗಳೇ ಆಗಿದ್ದವು. ಮೊದಲೇ ಒಳಬಂದವರು ಇರಬಹುದು, ಇನ್ನು ಮುಂದೆ ಬರುವಂತಿಲ್ಲ ಎಂಬ ಈ ನಿಯಮವನ್ನು ಯಾರಿಗಾಗಿ ಬರೆದರು ಎಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಸ್ಪೇನಿಗೆ ಬಂಡೆಗಿಂತ ದೊಡ್ಡ ಚಿಂತೆ ತನ್ನೊಳಗೇ ಪ್ರತ್ಯೇಕತೆಯ ಕೂಗಿರುವ ಕೆಟಲೋನಿಯಾ ಮತ್ತು ಬಾಸ್ಕ್ ಪ್ರಾಂತ್ಯಗಳದ್ದು. ಒಂದು ಬಂಡೆಗೆ ತನ್ನದೇ ರಾಷ್ಟ್ರೀಯ ತಂಡ ಇರಬಹುದಾದರೆ ಬಾರ್ಸಿಲೋನಾಕ್ಕೆ ಏಕಿರಬಾರದು ಎಂಬ ಪ್ರಶ್ನೆ ಏಳುವುದು ಅದಕ್ಕೆ ಬೇಕಿರಲಿಲ್ಲ.

ಜಿಬ್ರಾಲ್ಟರ್ ಸಂಸ್ಥೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಅರ್ಜಿ ಹಾಕಿದಾಗ ಇದ್ದ ನಿಯಮವೇ ಅನ್ವಯಿಸಬೇಕು ಎಂದು ಮಂಡಳಿ ಹೇಳಿತು. ಮತ್ತೆ ತಕರಾರು, ಮತ್ತೆ ಮಂಡಳಿ. 2006ರ ಕೊನೆಗೆ ತಾತ್ಕಾಲಿಕ ಸದಸ್ಯತ್ವ ಸಿಕ್ಕಿತು. ಅದನ್ನು ಕಾಯಂ ಮಾಡುವ ಮತದಾನ 2007ರ ಜನವರಿಯಲ್ಲಿ ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ನಡೆಯಿತು. ಪರವಾಗಿ ಮೂರು: ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್. ವಿರುದ್ಧವಾಗಿ 45. ಕಾನೂನಿನಲ್ಲಿ ಗೆದ್ದು ಪಂಚಾಯಿತಿಯಲ್ಲಿ ಸೋತ ಹಾಗೆ.

ಸಂಸ್ಥೆ ಪಟ್ಟು ಬಿಡಲಿಲ್ಲ. 2011ರಲ್ಲಿ ನ್ಯಾಯಮಂಡಳಿ ಮತ್ತೆ ಅದರ ಪರ ನಿಂತಿತು. 2013ರ ಮೇ 24ರಂದು ಲಂಡನ್ನಿನಲ್ಲಿ ಮತ್ತೆ ಮತದಾನವಾದಾಗ ವಿರೋಧಿಸಿದ್ದು ಸ್ಪೇನ್ ಮತ್ತು ಬೆಲಾರೂಸ್ ಮಾತ್ರ. ಜಿಬ್ರಾಲ್ಟರ್ 54ನೆಯ ಸದಸ್ಯನಾಯಿತು. ಆರು ವರ್ಷಗಳಲ್ಲಿ ಅಷ್ಟೊಂದು ದೇಶಗಳ ಮನಸ್ಸು ತಿರುಗಿದ್ದು ಕ್ರೀಡಾಪ್ರೀತಿಯಿಂದಲ್ಲ, ನ್ಯಾಯಮಂಡಳಿಯ ಆದೇಶವನ್ನು ಎಷ್ಟು ಸಲ ತಳ್ಳಿಹಾಕಲಾದೀತು ಎಂಬ ಸುಸ್ತಿನಿಂದ ಎಂದೇ ನನಗೆ ತೋರುತ್ತದೆ.

ಹಾಗಾಗಿ 2014ರ ಜುಲೈನಲ್ಲಿ ಲಿಂಕನ್ ರೆಡ್ ಇಂಪ್ಸ್ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಸುತ್ತಿಗೆ ಇಳಿಯಿತು. ಮೊದಲ ಎದುರಾಳಿ ಯಾರು ಗೊತ್ತೇ? ಫೆರೋ ದ್ವೀಪಗಳ ಎಚ್‌ಬಿ ಕ್ಲಬ್ಬು! ಬಂಡೆಯ ಬುಡದಲ್ಲಿ 1–1, ದ್ವೀಪದಲ್ಲಿ 2–5. ಮರುವರ್ಷ ಅಂಡೋರಾದ ಸಾಂತಾ ಕೊಲೋಮಾವನ್ನು ದಾಟಿತು. 2016ರಲ್ಲಿ ಎಸ್ಟೋನಿಯಾದ ಫ್ಲೋರಾವನ್ನು ಮಣಿಸಿತು. ಮುಂದಿನ ಸುತ್ತಿನಲ್ಲಿ ಸಿಕ್ಕಿದ್ದು 1967ರ ಯುರೋಪಿಯನ್ ಕಪ್ ವಿಜೇತ, ಸ್ಕಾಟ್ಲೆಂಡಿನ ಸೆಲ್ಟಿಕ್.

2016ರ ಜುಲೈ 12. ಮೂರು ವಾರಗಳ ಹಿಂದಷ್ಟೇ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಲು ಮತ ಹಾಕಿತ್ತು. ಜಿಬ್ರಾಲ್ಟರ್‌ನಲ್ಲಿ ನೂರಕ್ಕೆ 96 ಮಂದಿ ಉಳಿಯೋಣ ಎಂದಿದ್ದರೂ ಅವರೂ ಹೊರಹೋಗಬೇಕಿತ್ತು. ಗೇಟು ಮತ್ತೆ ಬಿಗಿಯಾಗುತ್ತದೆಯೇ ಎಂಬ ದಿಗಿಲು ಊರಿನಲ್ಲಿತ್ತು. ಇತ್ತ ಸೆಲ್ಟಿಕ್‌ಗೆ ಹೊಸ ಕೋಚ್ ಬ್ರೆಂಡನ್ ರಾಜರ್ಸ್‌ರ ಮೊದಲ ಅಧಿಕೃತ ಪಂದ್ಯ. ವಿರಾಮದ ನಂತರ 48ನೆಯ ನಿಮಿಷದಲ್ಲಿ ಲೀ ಕ್ಯಾಸಿಯಾರೊ ಚೆಂಡನ್ನು ಎಡಗಾಲಿಗೆ ಎಳೆದುಕೊಂಡು ಗೋಲಿನ ದೂರದ ಮೂಲೆಗೆ ತಳ್ಳಿದ. ವಯಸ್ಸು 34, ಕೆಲಸ ಪೊಲೀಸ್. ಹಿಂದಿನ ವರ್ಷ ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಜಿಬ್ರಾಲ್ಟರ್ ರಾಷ್ಟ್ರೀಯ ತಂಡದ ಮೊಟ್ಟಮೊದಲ ಅಧಿಕೃತ ಗೋಲು ಹೊಡೆದವನೂ ಇವನೇ. ರಕ್ಷಣಾ ಸಾಲಿನಲ್ಲಿ ನಿಂತಿದ್ದ ನಾಯಕ ರಾಯ್ ಚಿಪೊಲಿನಾ ಕಸ್ಟಮ್ಸ್ ಅಧಿಕಾರಿ. ಸೆಲ್ಟಿಕ್‌ನ ಒಂದು ಹೊಡೆತ ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. 1–0 ಹಾಗೆಯೇ ಉಳಿಯಿತು.

ಮರುಪಂದ್ಯದಲ್ಲಿ ಸೆಲ್ಟಿಕ್ 3–0ರಿಂದ ಗೆದ್ದು ಮುಂದೆ ಹೋಯಿತು, ನಿಜ. ಆದರೆ ಆ ಋತುವಿನಲ್ಲಿ ಸ್ಕಾಟ್ಲೆಂಡಿನ ಒಂದೇ ಒಂದು ತಂಡಕ್ಕೂ ಸೆಲ್ಟಿಕ್ ಅನ್ನು ಸೋಲಿಸಲಾಗಲಿಲ್ಲ. ದೇಶದೊಳಗಿನ ಮೂರೂ ಪ್ರಶಸ್ತಿಗಳನ್ನು ಅದು ಸೋಲಿಲ್ಲದೆ ಗೆದ್ದಿತು. ಸ್ಕಾಟ್ಲೆಂಡಿನ ಲೀಗ್ ಇಡೀ ವರ್ಷ ಮಾಡಲಾಗದ್ದನ್ನು ಜಿಬ್ರಾಲ್ಟರ್‌ನ ಪೊಲೀಸಪ್ಪ ಮಾಡಿ ಮುಗಿಸಿದ್ದ.

ಅಲ್ಲಿಂದ ಮುಂದೆ ಕ್ಲಬ್ಬಿನ ಸ್ವರೂಪವೇ ಬದಲಾಯಿತು. ಅರ್ಹತಾ ಸುತ್ತಿನಲ್ಲಿ ಸೋತರೂ ಯುಇಎಫ್‌ಎ ಕೊಡುವ ಹಣ ಇಂತಹ ಕ್ಲಬ್ಬಿಗೆ ವರ್ಷದ ಬದುಕು. ಲೀಗ್ ಗೆದ್ದವರಿಗೆ ಆ ಹಣ, ಆ ಹಣದಿಂದ ಉತ್ತಮ ಆಟಗಾರರು, ಅವರಿಂದ ಮತ್ತೆ ಲೀಗ್. ಉತ್ತಮ ಆಟಗಾರರು ಸಿಗುವುದು ಎಲ್ಲಿ? ಗೇಟಿನ ಆಚೆ. ಸ್ಪೇನಿನ ಕೆಳದರ್ಜೆಯ ಲೀಗ್‌ಗಳಲ್ಲಿ ಪಳಗಿದ, ಆಂಡಲೂಸಿಯಾದಲ್ಲಿ ಮನೆಯಿರುವ ಹುಡುಗರು ಗಡಿ ದಾಟಿ ಬಂದು ಅಭ್ಯಾಸ ಮಾಡಿ ಹಿಂದಿರುಗತೊಡಗಿದರು. ದಿನವೂ ಕೆಲಸಕ್ಕೆಂದು ಗಡಿ ದಾಟುವ ಸುಮಾರು 15 ಸಾವಿರ ಮಂದಿಯಲ್ಲಿ ಅವರೂ ಸೇರಿಹೋದರು. ಸ್ಪೇನ್ ಹದಿನಾರು ವರ್ಷ ಬಾಗಿಲು ಹಾಕಿದ್ದಾಗ ಹುಟ್ಟಿದ, ಸ್ಪೇನ್ ಹದಿನಾರು ವರ್ಷ ಸದಸ್ಯತ್ವ ತಪ್ಪಿಸಿದ ಕ್ಲಬ್ಬಿಗೆ ಗೋಲು ಹೊಡೆಯುವವರು ಈಗ ಹೆಚ್ಚಾಗಿ ಸ್ಪೇನಿನವರೇ. ಇದರ ಬಗ್ಗೆ ಊರಿನಲ್ಲಿ ಗೊಣಗಾಟ ಇಲ್ಲದಿಲ್ಲ. ಸ್ಥಳೀಯ ಹುಡುಗರಿಗೆ ಬೆಂಚೇ ಗತಿಯಾದರೆ ರಾಷ್ಟ್ರೀಯ ತಂಡಕ್ಕೆ ಆಡುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಫಲವಂತೂ ಕಾಣಿಸಿತು. 2021ರ ಆಗಸ್ಟ್‌ನಲ್ಲಿ ಲಾಟ್ವಿಯಾದ ರೀಗಾ ಕ್ಲಬ್ಬನ್ನು ಹೆಚ್ಚುವರಿ ಸಮಯದಲ್ಲಿ ಸೋಲಿಸಿ, ಯುರೋಪಿನ ಮೂರನೆಯ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗ್‌ನ ಗುಂಪು ಹಂತಕ್ಕೆ ಏರಿದ ಜಿಬ್ರಾಲ್ಟರ್‌ನ ಮೊದಲ ಕ್ಲಬ್ಬು ಇದಾಯಿತು. ಅಲ್ಲಿ ಪಿಎಒಕೆ, ಕೋಪನ್‌ಹೇಗನ್, ಸ್ಲೊವಾನ್ ಬ್ರಾಟಿಸ್ಲಾವಾ ಎದುರು ಆರಕ್ಕೆ ಆರು ಸೋಲು. ಹೊಡೆದ ಎರಡೇ ಗೋಲುಗಳಲ್ಲಿ ಒಂದು 38ರ ಹರೆಯದ ಚಿಪೊಲಿನಾದು. ನಾಲ್ಕು ವರ್ಷಗಳ ನಂತರ ಮತ್ತೆ ಅದೇ ಟೂರ್ನಿಯ ಮುಖ್ಯ ಹಂತ ತಲುಪಿ, 2025ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಚಾಂಪಿಯನ್ ಲೆಕ್ ಪೊಜ್ನಾನ್ ತಂಡವನ್ನು 2–1ರಿಂದ ಕೆಡವಿತು. ಈ ಸಲ ಅದನ್ನು ಪವಾಡ ಎಂದು ಕರೆಯುವ ಉತ್ಸಾಹ ಪತ್ರಿಕೆಗಳಲ್ಲಿ ಅಷ್ಟಾಗಿ ಇರಲಿಲ್ಲ.

ಹಳೆಯ ಜಗಳ ಮುಗಿದಿದೆ ಎಂದಲ್ಲ. 2024ರಲ್ಲಿ ಯೂರೊ ಕಪ್ ಗೆದ್ದ ಸ್ಪೇನಿನ ಆಟಗಾರರಾದ ರೋಡ್ರಿ ಮತ್ತು ಮೊರಾಟಾ ಮ್ಯಾಡ್ರಿಡ್‌ನ ವಿಜಯೋತ್ಸವದಲ್ಲಿ ‘ಜಿಬ್ರಾಲ್ಟರ್ ಸ್ಪೇನಿನದು’ ಎಂದು ಘೋಷಣೆ ಕೂಗಿ ತಲಾ ಒಂದು ಪಂದ್ಯದ ನಿಷೇಧಕ್ಕೆ ಒಳಗಾದರು. ಎರಡು ದೇಶಗಳ ರಾಷ್ಟ್ರೀಯ ತಂಡಗಳು ಒಂದೇ ಗುಂಪಿಗೆ ಬೀಳದಂತೆ ಯುಇಎಫ್‌ಎ ಇಂದಿಗೂ ಎಚ್ಚರ ವಹಿಸುತ್ತದೆ. ಇನ್ನೊಂದೆಡೆ, 2025ರ ಜೂನ್‌ನಲ್ಲಿ ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟ ಗಡಿಯ ಬೇಲಿಯನ್ನು ತೆಗೆಯುವ ರಾಜಕೀಯ ಒಪ್ಪಂದಕ್ಕೆ ಬಂದವು. ಪಾಸ್‌ಪೋರ್ಟ್ ತಪಾಸಣೆ ಗೇಟಿನಿಂದ ವಿಮಾನ ನಿಲ್ದಾಣ ಮತ್ತು ಬಂದರಿಗೆ ಸರಿಯಬೇಕು ಎಂಬುದು ಅದರ ಸಾರ. ಬೆಳಗಿನ ಅಭ್ಯಾಸಕ್ಕೆ ತಡವಾಗಿ ಬಂದು ‘ಗಡಿಯಲ್ಲಿ ಸರತಿ ಸಾಲು’ ಎನ್ನುವ ಆಟಗಾರ ಇನ್ನು ಬೇರೆ ನೆಪ ಹುಡುಕಿಕೊಳ್ಳಬೇಕಾಗುತ್ತದೆ.