ಕೊನೆಯಲ್ಲಿ ಓದುವವರು ಯಾರು?

ವಿದ್ಯಾರ್ಥಿ ಪತ್ರಿಕೆ ಶುರು ಮಾಡುವ ಮಕ್ಕಳು ನನ್ನ ಹತ್ತಿರ ಬಂದಾಗ ಮೊದಲು ತೋರಿಸುವುದು ಹುದ್ದೆಗಳ ಪಟ್ಟಿ. ಸಂಪಾದಕರು ಒಬ್ಬರು, ಸಹ ಸಂಪಾದಕರು ನಾಲ್ವರು. ಸುದ್ದಿ, ಕ್ರೀಡೆ, ಅಭಿಪ್ರಾಯ ಪುಟಕ್ಕೆ ಒಬ್ಬೊಬ್ಬರು. ಫೋಟೋ, ಪುಟ ವಿನ್ಯಾಸ, ಜಾಹೀರಾತು. ಯಾರಿಗೂ ಬೇಜಾರಾಗದ ಹಾಗೆ ಹಂಚಿರುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ. ಅಚ್ಚಿಗೆ ಹೋಗುವ ಮುಂಚೆ ಪುಟವನ್ನು ಕೊನೆಯಲ್ಲಿ ಓದುವವರು ಯಾರು?

"ಎಲ್ಲರೂ ಓದ್ತೀವಲ್ಲ ಮೇಡಂ."

ವರ್ಷ ವರ್ಷ ಇದೇ ಉತ್ತರ. ಎಲ್ಲರೂ ಓದುತ್ತಾರೆ ಅಂದರೆ ಯಾರೂ ಓದುವುದಿಲ್ಲ. ಡೆಸ್ಕ್‌ನವರು, ಅಂದರೆ ಬಂದ ವರದಿಗಳನ್ನು ನೋಡಿ ತಿದ್ದುವವರು, ನೋಡುತ್ತಾರೆ ಎಂದು ವರದಿಗಾರ ಅಂದುಕೊಂಡಿರುತ್ತಾನೆ. ವರದಿಗಾರ ಸರಿಯಾಗಿಯೇ ಬರೆದಿರುತ್ತಾನೆ ಎಂದು ಡೆಸ್ಕ್‌ನವರು ನಂಬಿರುತ್ತಾರೆ. ಪುಟ ಕಟ್ಟುವವಳಿಗೆ ಕಣ್ಣಿಗೆ ಬೀಳುವುದು ಕಾಲಂ ಮತ್ತು ಚಿತ್ರ, ವಾಕ್ಯ ಅಲ್ಲ. ಅದು ಅವಳ ತಪ್ಪೂ ಅಲ್ಲ. ಸಂಪಾದಕ ಆ ಹೊತ್ತಿಗೆ ಇನ್ನೂ ಸಂಪಾದಕೀಯ ಮುಗಿಸುತ್ತಾ ಕೂತಿರುತ್ತಾನೆ.

ಒಂದು ಪತ್ರಿಕೆಯಲ್ಲಿ ಹೀಗಾಯಿತು. ಮುಖಪುಟದ ಹೆಡ್ಡಿಂಗ್ 'ಪರೀಕ್ಷೆ ಮುಂದೂಡುವ ಯೋಚನೆ ಇಲ್ಲ' ಎಂದಿತ್ತು. ವರದಿ ಸರಿ, ಹೆಡ್ಡಿಂಗ್ ಸರಿ, ಡೆಸ್ಕ್ ತಿದ್ದಿದ್ದೂ ಸರಿ. ಕೊನೆಯ ಗಳಿಗೆಯಲ್ಲಿ ಚಿತ್ರ ಸ್ವಲ್ಪ ದೊಡ್ಡದಾಗಲಿ ಎಂದು ಯಾರೋ ಹೇಳಿದರು. ಪುಟ ಕಟ್ಟುವ ಹುಡುಗಿ ಹೆಡ್ಡಿಂಗಿನ ಚೌಕವನ್ನು ಕಿರಿದು ಮಾಡಿದಳು. ಪುಟ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಚೌಕದೊಳಗೆ ಹಿಡಿಸದ ಅಕ್ಷರ ಎಲ್ಲೂ ಹೋಗುವುದಿಲ್ಲ, ಕಾಣದ ಹಾಗೆ ಒಳಗೇ ಉಳಿದುಬಿಡುತ್ತದೆ. ಚೌಕದ ಮೂಲೆಯಲ್ಲಿ ಒಂದು ಸಣ್ಣ ಕೆಂಪು ಗುರುತು ಬರುತ್ತದೆ, ಅಷ್ಟೇ. ಬೆಳಿಗ್ಗೆ ಪತ್ರಿಕೆ ಬಂದಾಗ ಮುಖಪುಟದಲ್ಲಿ ಇದ್ದದ್ದು 'ಪರೀಕ್ಷೆ ಮುಂದೂಡುವ ಯೋಚನೆ'. ಒಂದು 'ಇಲ್ಲ' ಹೋಗಿತ್ತು.

ಆ ಹುಡುಗಿ ಅಳುತ್ತಾ ನನಗೆ ಫೋನ್ ಮಾಡಿದಳು. ತಂಡದವರೆಲ್ಲ ಅವಳನ್ನೇ ಬೈದಿದ್ದರು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಪುಟ ಬದಲಾದ ಮೇಲೆ ಅದನ್ನು ಮತ್ತೆ ಓದುವ ಕೆಲಸ ಆ ತಂಡದಲ್ಲಿ ಯಾರ ಹೆಸರಿಗೂ ಇರಲಿಲ್ಲ. ತಪ್ಪಿದ್ದದ್ದು ಅಲ್ಲಿ.

ಹಾಗಾಗಿ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ. ಕೊನೆಯಲ್ಲಿ ಓದುವವರು ಒಬ್ಬರೇ ಇರಬೇಕು. ಅವರ ಹೆಸರು ಮೊದಲೇ ಬರೆದಿಟ್ಟಿರಬೇಕು. ಆ ಸಂಚಿಕೆಯಲ್ಲಿ ಅವರು ಬರೆದಿರಬಾರದು, ಬರೆದಿದ್ದರೆ ಆ ಪುಟವನ್ನಾದರೂ ಬೇರೆಯವರಿಗೆ ಕೊಡಬೇಕು. ಅವರು ಓದಬೇಕಾದ್ದು ವರ್ಡ್ ಫೈಲನ್ನಲ್ಲ, ಕಟ್ಟಿ ಮುಗಿದ ಪುಟವನ್ನು. ಆಗುವುದೇ ಇಲ್ಲ ಅನ್ನುವಷ್ಟು ಅವಸರ ಇಲ್ಲದಿದ್ದರೆ ಕಾಗದದ ಮೇಲೆಯೇ ಓದಲಿ. ಅವರು ಸಹಿ ಹಾಕಿದ ಮೇಲೆ ಪುಟವನ್ನು ಯಾರೂ ಮುಟ್ಟಬಾರದು, ಸಂಪಾದಕರೂ ಸಹ. ಮುಟ್ಟಿದರೆ ಪುಟ ಮತ್ತೆ ಅವರ ಕೈಗೇ ಬರಬೇಕು. ಒಂದು ಅಲ್ಪವಿರಾಮ ಬದಲಾದರೂ ಅಷ್ಟೇ.

ಈ ಕೊನೆಯ ಮಾತಿಗೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಆಗ ನಾನು ಅಮೆರಿಕದ ಒಂದು ಮೊಕದ್ದಮೆಯ ಕಥೆ ಹೇಳುತ್ತೇನೆ. ಮಿಸ್ಸೂರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ 'ಸ್ಪೆಕ್ಟ್ರಮ್' ಎಂಬ ವಿದ್ಯಾರ್ಥಿ ಪತ್ರಿಕೆ ಇತ್ತು. 1983ರ ಮೇ ತಿಂಗಳ ಒಂದು ಸಂಚಿಕೆ 6 ಪುಟಗಳದ್ದು. ಅಚ್ಚಿಗೆ ಮುಂಚೆ ಪ್ರಾಂಶುಪಾಲರು ಪ್ರೂಫ್ ನೋಡಿದರು. ಒಂದು ಲೇಖನ ಗರ್ಭಿಣಿಯರಾದ ವಿದ್ಯಾರ್ಥಿನಿಯರ ಬಗ್ಗೆ, ಇನ್ನೊಂದು ಅಪ್ಪ ಅಮ್ಮನ ವಿಚ್ಛೇದನ ಮಕ್ಕಳಿಗೆ ಏನು ಮಾಡುತ್ತದೆ ಎನ್ನುವುದರ ಬಗ್ಗೆ. ತಿದ್ದಲು ಸಮಯ ಇಲ್ಲ ಎಂದುಕೊಂಡು ಅವರು ಆ ಲೇಖನಗಳಿದ್ದ 2 ಪುಟಗಳನ್ನೇ ತೆಗೆಸಿಬಿಟ್ಟರು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1988ರಲ್ಲಿ ಸುಪ್ರೀಂ ಕೋರ್ಟ್ 5–3 ಬಹುಮತದಿಂದ ಶಾಲೆಯ ಪರ ತೀರ್ಪು ಕೊಟ್ಟಿತು.

ಆ ತೀರ್ಪನ್ನು ಎಲ್ಲರೂ ಸೆನ್ಸಾರ್ ಬಗ್ಗೆ ಮಾತಾಡಲು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಲೇಬೇಕು. ಆದರೆ ಅದರೊಳಗೆ ಒಂದು ಸಣ್ಣ ವಿವರ ಇದೆ. ವಿಚ್ಛೇದನದ ಲೇಖನದಲ್ಲಿ ಒಬ್ಬ ವಿದ್ಯಾರ್ಥಿನಿ ತನ್ನ ತಂದೆಯ ಬಗ್ಗೆ ದೂರಿದ್ದಳು. ಪ್ರಾಂಶುಪಾಲರು ನೋಡಿದ ಪ್ರೂಫ್‌ನಲ್ಲಿ ಅವಳ ಹೆಸರಿತ್ತು, ಅದು ಅವರ ಒಂದು ದೊಡ್ಡ ಆಕ್ಷೇಪ. ಪತ್ರಿಕೆಯ ಉಸ್ತುವಾರಿ ನೋಡುತ್ತಿದ್ದ ಶಿಕ್ಷಕರು ಕೊನೆಯ ಪ್ರತಿಯಲ್ಲಿ ಆ ಹೆಸರನ್ನು ತೆಗೆದಿದ್ದರು. ಅದು ಪ್ರಾಂಶುಪಾಲರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಎಲ್ಲ ಬೇರೆ ಆಗುತ್ತಿತ್ತು ಎಂದು ನಾನು ಹೇಳುವುದಿಲ್ಲ, ಅವರಿಗೆ ಬೇರೆ ಆಕ್ಷೇಪಗಳೂ ಇದ್ದವು. ನಾನು ವಕೀಲಳೂ ಅಲ್ಲ. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ ಇರುತ್ತದೆ, ಅಂಥ ಪ್ರಶ್ನೆ ಬಂದರೆ ಬಲ್ಲವರನ್ನು ಕೇಳಿ. ಆದರೆ ಯಾವ ಪ್ರತಿ ಕೊನೆಯದು, ಅದು ಯಾರ ಕೈಯಲ್ಲಿದೆ ಎಂಬುದು ಇಷ್ಟು ದೊಡ್ಡ ವಿಷಯದ ಒಳಗೂ ಬಂದು ಕೂತಿತ್ತು ನೋಡಿ.

ಇನ್ನೊಂದು ತಪ್ಪು ತಿಳಿವಳಿಕೆ. ಡೆಸ್ಕ್ ಅಂದರೆ ಕಾಗುಣಿತ ತಿದ್ದುವ ಜಾಗ ಎಂದು ಎಲ್ಲರ ಭಾವನೆ. ಅದಕ್ಕೇ ಅಲ್ಲಿಗೆ ಹೊಸಬರನ್ನು, ಬರೆಯಲು ಹಿಂಜರಿಯುವವರನ್ನು ಕೂರಿಸುತ್ತಾರೆ. ನನಗೆ ಇದು ತುಂಬ ನೋವಿನ ಸಂಗತಿ. ನಾನೇ ಬಹಳ ವರ್ಷ ಉಪಸಂಪಾದಕಿಯಾಗಿದ್ದೆ. ಡೆಸ್ಕ್‌ನ ಕೆಲಸ ಪ್ರಶ್ನೆ ಕೇಳುವುದು. ಈ ಮಾತನ್ನು ಯಾರು ಹೇಳಿದರು, ನಿನಗೇ ಹೇಳಿದರಾ? ಆರೋಪ ಹೊತ್ತವರಿಗೆ ಫೋನ್ ಮಾಡಿದೆಯಾ? ವಿದ್ಯಾರ್ಥಿ ಸಂಘದ ಚುನಾವಣೆಯಲ್ಲಿ ಮತದಾನ ಶೇ 40ರಿಂದ ಶೇ 50ಕ್ಕೆ ಏರಿತು, ಅಂದರೆ 'ಶೇ 10ರಷ್ಟು ಹೆಚ್ಚಳ' ಎಂದು ಒಬ್ಬ ಜಾಣ ಹುಡುಗ ಬರೆದಿದ್ದ. ಅಲ್ಲ. 40ರ ಮೇಲೆ 10 ಜಾಸ್ತಿ ಆದರೆ ಅದು ಶೇ 25ರ ಹೆಚ್ಚಳ. ಬೇಡವಾದರೆ ಸುಮ್ನೆ 'ಶೇ 40 ಇದ್ದದ್ದು ಶೇ 50 ಆಯಿತು' ಎಂದು ಬರೆದರೆ ಮುಗಿಯಿತು. ಕಾಗುಣಿತ ತಿದ್ದುವ ಯಾವ ಸಾಫ್ಟ್‌ವೇರ್ ಕೂಡ ಇದನ್ನು ಹಿಡಿಯುವುದಿಲ್ಲ. ಆ ವಾಕ್ಯದಲ್ಲಿ ಕಾಗುಣಿತದ ತಪ್ಪೇ ಇರಲಿಲ್ಲ.

ತಾನು ಬರೆದದ್ದನ್ನು ತಾನೇ ನಾಲ್ಕು ಸಲ ಓದಿದ್ದೇನೆ ಎನ್ನುವವರಿಗೆ ನನ್ನದು ಒಂದೇ ಮಾತು. ನೀನು ಓದುತ್ತಿರುವುದು ನಿನ್ನ ತಲೆಯಲ್ಲಿರುವುದನ್ನು, ಕಾಗದದ ಮೇಲಿರುವುದನ್ನಲ್ಲ. ಇದು ಜಾಣರಿಗೂ ಆಗುತ್ತದೆ, ನನಗೂ ಆಗುತ್ತದೆ.

ಉಳಿದ ಹುದ್ದೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಾಹೀರಾತು ತರುವವರು ಸುದ್ದಿ ತೀರ್ಮಾನಿಸಬಾರದು, ಅದು ಎಲ್ಲರಿಗೂ ಗೊತ್ತು. ಚೆನ್ನಾಗಿ ಬರೆಯುವವರನ್ನೇ ಸಂಪಾದಕರನ್ನಾಗಿ ಮಾಡಬೇಕೆಂದಿಲ್ಲ. ಅಂಥವರು ರಾತ್ರಿ ಕೂತು ಎಲ್ಲರ ವರದಿಯನ್ನೂ ತಾವೇ ಹೊಸದಾಗಿ ಬರೆಯುತ್ತಾರೆ. ವರದಿಗಾರ ಏನೂ ಕಲಿಯುವುದಿಲ್ಲ, ಇವರಿಗೆ ನಿದ್ದೆ ಇಲ್ಲ.

ಮೂರೇ ಜನ ಇದ್ದೇವೆ, ಏನು ಮಾಡೋಣ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೂವರಿದ್ದರೆ ಪುಟಗಳನ್ನು ಅದಲು ಬದಲು ಮಾಡಿಕೊಳ್ಳಿ. ಪ್ರತಿ ಪುಟದ ಮೂಲೆಯಲ್ಲಿ ಓದಿದವರ ಹೆಸರಿನ ಮೊದಲ ಅಕ್ಷರ ಇರಲಿ. ಪುಟಗಳು ಕಡಿಮೆಯಾದರೂ ಪರವಾಗಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯ ಹೆಸರು ಹೇಳಿ ಕಣ್ಣರಳಿಸುವ ಮಕ್ಕಳನ್ನು ಕಂಡರೆ ನನಗೆ ಪ್ರೀತಿ. 2022ರ ನವೆಂಬರ್‌ನಲ್ಲಿ 'ಸ್ಟ್ಯಾನ್‌ಫರ್ಡ್ ಡೈಲಿ' ತನ್ನ ವಿಶ್ವವಿದ್ಯಾಲಯದ ಅಧ್ಯಕ್ಷರ ಹೆಸರಿದ್ದ ಹಳೆಯ ಸಂಶೋಧನಾ ಲೇಖನಗಳ ಮೇಲಿದ್ದ ಅನುಮಾನಗಳ ಬಗ್ಗೆ ಬರೆಯತೊಡಗಿತು. 2023ರ ಜುಲೈನಲ್ಲಿ ಅವರು ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ಬರೆದವನು ಮೊದಲ ವರ್ಷದ ವಿದ್ಯಾರ್ಥಿ. "ನಾವೂ ಹೀಗೆ ಮಾಡ್ಬೇಕು ಮೇಡಂ" ಎನ್ನುತ್ತಾರೆ. ಮಾಡಿ. ಆದರೆ ಅಂಥ ವರದಿಯಲ್ಲಿ ಒಂದು ಹೆಸರು, ಒಂದು ಇಸವಿ ತಪ್ಪಿದರೂ ಎದುರಿನವರು ಅದನ್ನೇ ಹಿಡಿದುಕೊಳ್ಳುತ್ತಾರೆ, ಮಿಕ್ಕದ್ದೆಲ್ಲ ಬದಿಗೆ ಹೋಗುತ್ತದೆ.

'ಇಲ್ಲ' ಕಳೆದುಹೋದ ಆ ಪತ್ರಿಕೆಯಲ್ಲಿ ಮುಂದಿನ ಸಂಚಿಕೆಗೆ ಕೊನೆಯ ಓದಿನ ಕೆಲಸ ಕೇಳಿ ಪಡೆದುಕೊಂಡವಳು ಅದೇ ಹುಡುಗಿ. ಪುಟ ಕಟ್ಟುವುದನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಅಚ್ಚಿನ ಹಿಂದಿನ ರಾತ್ರಿ ನನಗೆ ಫೋನ್ ಬಂತು. "ಮೇಡಂ, 3ನೇ ಪುಟದ ಫೋಟೋದಲ್ಲಿ ಐದು ಜನ ಇದ್ದಾರೆ, ಕೆಳಗೆ ನಾಲ್ಕೇ ಹೆಸರಿದೆ. ಎಲ್ಲರೂ ಮನೆಗೆ ಹೋಗೋಣ ಅಂತಿದ್ದಾರೆ. ಪುಟ ತಡೀಲಾ?" ತಡಿ ಅಂದೆ. ಮುಕ್ಕಾಲು ಗಂಟೆ ಆದ ಮೇಲೆ ಐದನೆಯ ಹೆಸರು ಸಿಕ್ಕಿತು. ಅವಳು ಪುಟವನ್ನು ಇನ್ನೊಂದು ಸಲ ಪೂರ್ತಿ ಓದಿ ಸಹಿ ಹಾಕಿದಳು.